ಆಲ್ಟೈರ್‌ನ ಬಿಳಿ ನಿಲುವಂಗಿ: ಹೊಲಿಯಲು ಎರಡು ದಿನ, ಮಾಸಲು ಮಾಡಲು ಎರಡು ವಾರ

'ಅಸಾಸಿನ್ಸ್ ಕ್ರೀಡ್' ವಿಡಿಯೋ ಗೇಮಿನ ನಾಯಕ ಆಲ್ಟೈರ್‌ನ ವೇಷಕ್ಕೆಂದು ನಾನು ಹೊಲಿದ ಮೊದಲ ಉಡುಪು ತೊಟ್ಟು ಕನ್ನಡಿ ಮುಂದೆ ನಿಂತಾಗ ಗೆಳೆಯನೊಬ್ಬ ಕೇಳಿದ್ದು ಒಂದೇ ಪ್ರಶ್ನೆ: "ಯಾವ ಆಸ್ಪತ್ರೆಯಲ್ಲಿ ಡ್ಯೂಟಿ?"

ಹೊಲಿಗೆಯಲ್ಲಿ ತಪ್ಪೇನೂ ಇರಲಿಲ್ಲ. ಅಳತೆಯೂ ಸರಿ ಇತ್ತು. ಬಟ್ಟೆ ಮಾತ್ರ ಅಂಗಡಿಯಿಂದ ಆಗಷ್ಟೇ ಬಂದ ಹಾಗೆ ಫಳಫಳ ಅನ್ನುತ್ತಿತ್ತು. ಮರುಭೂಮಿಯ ದಾರಿಯಲ್ಲಿ ಕುದುರೆ ಓಡಿಸುವವನ, ಕಲ್ಲಿನ ಗೋಡೆ ಹತ್ತುವವನ ಬಟ್ಟೆ ಹಾಗಿರುತ್ತಾ? ಈ ಲೇಖನದಲ್ಲಿ ಹೊಲಿಗೆಯೂ ಇದೆ. ಆದರೆ ಜಾಸ್ತಿ ಜಾಗ ಕೊಟ್ಟಿರುವುದು ಅದನ್ನು ಮಾಸಲು ಮಾಡುವ ಕೆಲಸಕ್ಕೆ.

ಆಟ ಆಡದವರಿಗೆ ಎರಡು ಮಾತು. 'ಅಸಾಸಿನ್ಸ್ ಕ್ರೀಡ್' ಸರಣಿಯ ಮೊದಲ ಆಟ ಬಂದದ್ದು 2007ರ ನವೆಂಬರ್‌ನಲ್ಲಿ. ಮಾಡಿದ್ದು ಯೂಬಿಸಾಫ್ಟ್‌ನ ಮಾಂಟ್ರಿಯಲ್ ಸ್ಟುಡಿಯೋ. ಕಥೆ ನಡೆಯುವುದು 1191ರಲ್ಲಿ, ಮೂರನೇ ಕ್ರುಸೇಡ್ ಯುದ್ಧದ ಕಾಲದಲ್ಲಿ. ಇಂದಿನ ಸಿರಿಯಾದಲ್ಲಿರುವ ಮಸ್ಯಾಫ್ ಕೋಟೆಯಿಂದ ಹೊರಡುವ ಆಲ್ಟೈರ್ ಡಮಾಸ್ಕಸ್, ಏಕರ್, ಜೆರುಸಲೇಂ ನಗರಗಳಲ್ಲಿ ಓಡಾಡುತ್ತಾನೆ. ಮೈಮೇಲೆ ಬಿಳಿ ನಿಲುವಂಗಿ, ಹಣೆಯ ಮೇಲೆ ಹದ್ದಿನ ಕೊಕ್ಕಿನಂತೆ ಚಾಚಿದ ಹುಡ್, ಸೊಂಟಕ್ಕೆ ಕೆಂಪು ಪಟ್ಟಿ, ಅದರ ಮೇಲೆ ಅಗಲವಾದ ಚರ್ಮದ ಬೆಲ್ಟ್.

ಆ ಕೊಕ್ಕು ಆಟ ಮಾಡಿದವರ ಕಲ್ಪನೆ. ಅವನ ಹೆಸರಿಗೆ ಅರಬ್ಬಿಯಲ್ಲಿ 'ಹಾರುವವನು' ಎಂಬ ಅರ್ಥವಿದೆ, ಹದ್ದು ಬಂದದ್ದು ಅದಕ್ಕೆ ಜೋಡಿಯಾಗಿ. ಆದರೆ ಕೊಕ್ಕನ್ನು ಬಿಟ್ಟು ನೋಡಿದರೆ ಕೆಳಗಿರುವುದು ನಮಗೆ ಚೆನ್ನಾಗಿ ಗೊತ್ತಿರುವ ಬಟ್ಟೆಯೇ. ನಮ್ಮ 'ಜುಬ್ಬ' ಎಂಬ ಮಾತು ಬಂದದ್ದೂ ಅರಬ್ಬಿಯಿಂದ. ನೇರ ತುಂಡುಗಳು, ಪಕ್ಕದಲ್ಲಿ ತ್ರಿಕೋನ, ಕಂಕುಳಲ್ಲಿ ಒಂದು ಚೌಕ. ಜುಬ್ಬ ಹೊಲಿಯಲು ಬರುವವರಿಗೆ ಮುಕ್ಕಾಲು ಕೆಲಸ ಬಂದಂತೆ.

ಬಟ್ಟೆ ಮತ್ತು ದಾರ

ಕೋರಾ ಬಟ್ಟೆ ಅಥವಾ ಸ್ವಲ್ಪ ದಪ್ಪ ಖಾದಿ ತನ್ನಿ. 36 ಇಂಚು ಅಗಲದ್ದಾದರೆ 6 ಮೀಟರ್ ಸಾಕು. ಅಚ್ಚ ಬಿಳಿ ಪಾಪ್ಲಿನ್ ಬೇಡ, ಅದರ ನುಣುಪು ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಪಾಲಿಯೆಸ್ಟರ್ ಬೆರೆತ ಬಟ್ಟೆಯಂತೂ ಬೇಡವೇ ಬೇಡ, ಮುಂದೆ ಹಾಕುವ ಯಾವ ಬಣ್ಣವನ್ನೂ ಅದು ಹೀರುವುದಿಲ್ಲ. ಅನುಮಾನ ಬಂದರೆ ಅಂಚಿನಿಂದ ಒಂದು ಎಳೆ ಎಳೆದು ಬೆಂಕಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ಇದೇ ಕಾರಣಕ್ಕೆ ದಾರವೂ ಹತ್ತಿಯದ್ದೇ ಇರಲಿ. ಅಂಗಡಿಯಲ್ಲಿ ಸುಮ್ನೆ 'ಬಿಳಿ ದಾರ' ಅಂತ ಕೇಳಿದರೆ ಸಾಮಾನ್ಯವಾಗಿ ಕೈಗೆ ಸಿಗುವುದು ಪಾಲಿಯೆಸ್ಟರ್. ನಾನು ಗೊತ್ತಿಲ್ಲದೆ ಅದರಲ್ಲೇ ಹೊಲಿದಿದ್ದೆ. ಟೀ ಬಣ್ಣಕ್ಕೆ ಅದ್ದಿ ತೆಗೆದಾಗ ಬಟ್ಟೆಯೆಲ್ಲ ಕಂದು, ಹೊಲಿಗೆ ಮಾತ್ರ ಬೆಳ್ಳಗೆ. ಹಳೇ ರಸ್ತೆಗೆ ಹೊಸ ಪಟ್ಟೆ ಬಳಿದ ಹಾಗಿತ್ತು.

ಕತ್ತರಿ ಹಾಕುವ ಮೊದಲು ಬಟ್ಟೆಯನ್ನು ಕುದಿಸಬೇಕು. ದೊಡ್ಡ ಪಾತ್ರೆಯ ನೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ಕುದಿಸಿ, ಚೆನ್ನಾಗಿ ಜಾಲಿಸಿ, ಒಣಗಿಸಿ. ಕೋರಾ ಬಟ್ಟೆಯಲ್ಲಿರುವ ಗಂಜಿ ಬಿಡಬೇಕು, ಇಲ್ಲದಿದ್ದರೆ ಬಣ್ಣ ತೇಪೆ ತೇಪೆಯಾಗಿ ಹತ್ತುತ್ತದೆ. ಕುಗ್ಗುವುದಿದ್ದರೂ ಈಗಲೇ ಕುಗ್ಗಿಬಿಡಲಿ. ಮೀಟರಿಗೆ ಎರಡು ಇಂಚಿನಷ್ಟು ಹೋಗುವುದೂ ಉಂಟು.

ಕತ್ತರಿಸುವುದು

ಇಲ್ಲಿ ಕೊಡುವ ಅಳತೆ ಸುಮಾರು ಐದು ಅಡಿ ಏಳು ಇಂಚು ಎತ್ತರ, 38 ಇಂಚು ಎದೆ ಇರುವವರಿಗೆ. ನಿಮ್ಮ ಮೈಗೆ ತಕ್ಕಂತೆ ಬದಲಿಸಿಕೊಳ್ಳಿ. ನಾನು ಎರಡು ಪದರ ಮಾಡುತ್ತೇನೆ. ಒಳಗೆ ಉದ್ದ ತೋಳಿನ ಅಂಗಿ, ಮೇಲೆ ಹುಡ್ ಇರುವ ತೋಳಿಲ್ಲದ ನಿಲುವಂಗಿ.

ಒಳಗಿನ ಅಂಗಿಗೆ ಮುಂದೆ ಒಂದು, ಹಿಂದೆ ಒಂದು ತುಂಡು. ಪ್ರತಿಯೊಂದೂ 42 ಇಂಚು ಉದ್ದ, 24 ಇಂಚು ಅಗಲ. 36 ಇಂಚಿನ ಬಟ್ಟೆಯಲ್ಲಿ ಪಕ್ಕಕ್ಕೆ 12 ಇಂಚಿನ ಪಟ್ಟಿ ಉಳಿಯುತ್ತದಲ್ಲ, ಅದನ್ನು ಎಸೆಯಬೇಡಿ. ಅದರಲ್ಲೇ 26 ಇಂಚು ಉದ್ದದ ಎರಡು ಆಯತ ಕತ್ತರಿಸಿ. ಒಂದೊಂದನ್ನೂ ಮೂಲೆಯಿಂದ ಮೂಲೆಗೆ ಸೀಳಿದರೆ ನಾಲ್ಕು ತ್ರಿಕೋನ ಸಿಗುತ್ತವೆ. ಉಳಿದ ಚೂರಿನಲ್ಲಿ ಕಂಕುಳಿಗೆ 5 ಇಂಚಿನ ಎರಡು ಚೌಕ. ತೋಳು ಎರಡು: 24 ಇಂಚು ಉದ್ದ, ಮೇಲೆ 18 ಇಂಚು ಅಗಲ, ಮಣಿಕಟ್ಟಿನ ಹತ್ತಿರ 10. ಅಕ್ಕಪಕ್ಕ ಇಟ್ಟರೆ ಎರಡೂ ಒಂದೇ ಅಗಲದಲ್ಲಿ ಕೂರುತ್ತವೆ. ಕೈಯಿಂದ ನೂತು ಕೈಯಿಂದ ನೇಯುತ್ತಿದ್ದ ಕಾಲದಲ್ಲಿ ಬಟ್ಟೆ ದುಬಾರಿ. ಒಂದು ಗೇಣೂ ಹಾಳಾಗದ ಹಾಗೆ ಕತ್ತರಿಸುವ ಈ ಬುದ್ಧಿ ಹುಟ್ಟಿದ್ದು ಅದಕ್ಕೇ.

ತ್ರಿಕೋನ ಜೋಡಿಸುವಾಗ ಓರೆ ಅಂಚನ್ನು ಅಂಗಿಯ ನೇರ ಅಂಚಿಗೆ ಹೊಲಿಯಿರಿ. ಆಮೇಲೆ ಎರಡು ತ್ರಿಕೋನಗಳ ನೇರ ಅಂಚುಗಳನ್ನು ಒಂದಕ್ಕೊಂದು ಸೇರಿಸಿ. ಓರೆಗೆ ಓರೆ ಹೊಲಿದರೆ ವಾರದೊಳಗೆ ಪಕ್ಕದಲ್ಲಿ ಜೋತು ಬೀಳುತ್ತದೆ. ಕೆಳಗಿನ ಅಂಚು ಮಡಚುವ ಮೊದಲು ಅಂಗಿಯನ್ನು ಒಂದು ರಾತ್ರಿ ಹ್ಯಾಂಗರ್‌ಗೆ ಹಾಕಿಡಿ. ಇಳಿಯುವುದೆಲ್ಲ ಇಳಿದ ಮೇಲೆ ಸಮ ಮಾಡಿ.

ಮೇಲಿನ ನಿಲುವಂಗಿಗೂ ಇದೇ ಲೆಕ್ಕ: 48 ಇಂಚು ಉದ್ದ, 24 ಅಗಲ, ಎರಡು ತುಂಡು. ಸೊಂಟದಿಂದ ಕೆಳಗೆ ಪಕ್ಕದ ಹೊಲಿಗೆ ಹಾಕಬೇಡಿ, ಮುಂದೆಯೂ ನಡುವೆ ಸೀಳಿ. ಮುಂದಿನ ಎರಡು ಬಾಲಗಳ ತುದಿಯನ್ನು ಓರೆಯಾಗಿ ಕತ್ತರಿಸಿ ಮೊನೆ ಮಾಡಿ. ನಡೆದಾಗ ಇವು ಹಾರಾಡಬೇಕು. ಒಳಪದರ ಕೊಟ್ಟರೆ ಭಾರವಾಗಿ ಕಂಬಳಿಯಂತೆ ನೇತಾಡುತ್ತವೆ, ಅದಕ್ಕೇ ನಾನು ಕೊಡುವುದಿಲ್ಲ.

ಹೊಲಿಗೆ ಉದ್ದ 3 ಮಿಲಿಮೀಟರ್ ಇಟ್ಟುಕೊಳ್ಳಿ. ಓವರ್‌ಲಾಕ್, ಅಂದರೆ ಎಳೆ ಬಿಡದಂತೆ ಅಂಚಿಗೆ ಮಶೀನಿನಲ್ಲಿ ಸುತ್ತುವ ಹೊಲಿಗೆ, ಮಾಡಿಸಬೇಡಿ. ಬಾಲ ತಿರುಗಿದಾಗ ಒಳಗಿನ ಓವರ್‌ಲಾಕ್ ಕಂಡರೆ 1191 ಅಲ್ಲೇ ಮುಗಿಯಿತು. ಜೀನ್ಸ್ ಪ್ಯಾಂಟಿನಲ್ಲಿ ಇರುತ್ತದಲ್ಲ, ಒಂದು ಅಂಚನ್ನು ಇನ್ನೊಂದರ ಮೇಲೆ ಮಡಚಿ ಒತ್ತಿ ಹೊಲಿಯುವುದು, ಹಾಗೆ ಹೊಲಿಯಿರಿ. ಕಣ್ಣಿಗೆ ಬೀಳುವ ಜಾಗದಲ್ಲಿ, ಅಂದರೆ ಹುಡ್‌ನ ಅಂಚು ಮತ್ತು ಎದೆಯ ಮೇಲೆ, ಕೈಹೊಲಿಗೆ ಹಾಕಿದರೆ ಇನ್ನೂ ಚೆಂದ. ಸ್ವಲ್ಪ ಸೊಟ್ಟಗಾದರೂ ಪರವಾಗಿಲ್ಲ. ಒಳಗಿನ ಅಂಗಿಗೆ ಫೋನ್ ಇಡಲು ಒಂದು ಜೇಬು ಇಟ್ಟುಕೊಳ್ಳಿ, ಕಾಮಿಕ್ ಕಾನ್ (ಕಾಮಿಕ್ಸ್, ಗೇಮ್ ಪ್ರಿಯರು ವೇಷ ತೊಟ್ಟು ಸೇರುವ ಮೇಳ) ಗದ್ದಲದಲ್ಲಿ ನನಗೆ ನೆನಪು ಮಾಡಿಕೊಂಡು ಥ್ಯಾಂಕ್ಸ್ ಹೇಳುತ್ತೀರಿ.

ಹುಡ್

ಎರಡೇ ತುಂಡಿನಲ್ಲಿ ಹೊಲಿದರೆ ತಲೆಯ ಹಿಂದೆ ಚೂಪು ಗೂಡು ಎದ್ದು ನಿಲ್ಲುತ್ತದೆ. ಮೂರು ತುಂಡು ಮಾಡಿ. ಕಿವಿಯ ಎರಡು ಪಕ್ಕಕ್ಕೆ 14 ಇಂಚು ಎತ್ತರ, 12 ಇಂಚು ಅಗಲದ ತುಂಡು, ಹಿಂದಿನ ಮೇಲ್ಮೂಲೆ ದುಂಡಗೆ. ಹಣೆಯಿಂದ ಕತ್ತಿನವರೆಗೆ ನಡುವೆ 5 ಇಂಚಿನ ಪಟ್ಟಿ, 26 ಇಂಚು ಉದ್ದ. ಹೆಚ್ಚಾದರೆ ಕೊನೆಯಲ್ಲಿ ಕತ್ತರಿಸಿದರಾಯಿತು. ಇದೆಲ್ಲ ನಿಲುವಂಗಿಯ ಪಕ್ಕದಲ್ಲಿ ಉಳಿದ ಪಟ್ಟಿಯಲ್ಲೇ ಆಗುತ್ತದೆ. ಕೂಸಿನ ಕುಲಾವಿ ಹೊಲಿದು ಅಭ್ಯಾಸವಿರುವ ಅಜ್ಜಿ ಮನೆಯಲ್ಲಿದ್ದರೆ ಅವರ ಕೈಗೇ ಕೊಡಿ.

ಕೊಕ್ಕಿಗಾಗಿ ನಡುವಿನ ಪಟ್ಟಿಯ ಮುಂದಿನ ತುದಿಯನ್ನು 3 ಇಂಚು ಮುಂದೆ ಚಾಚಿ ತ್ರಿಕೋನ ಮಾಡಿ. ಪಕ್ಕದ ತುಂಡುಗಳ ಅಂಚೂ ಆ ಮೊನೆಯ ಕಡೆಗೆ ಏರುತ್ತ ಬರಲಿ. ಆ ಭಾಗಕ್ಕೆ ಮಾತ್ರ ಎರಡು ಪದರ, ನಡುವೆ ಶರ್ಟ್ ಕಾಲರಿಗೆ ಹಾಕುವ ಕ್ಯಾನ್ವಾಸ್. ಮೊದಲು ಹಳೇ ಬೆಡ್‌ಶೀಟಿನಲ್ಲಿ ಒಂದು ಸಲ ಹೊಲಿದು ಹಾಕಿಕೊಂಡು ನೋಡಿ. ಮೊನೆ ಹುಬ್ಬಿನ ಮಟ್ಟದಲ್ಲಿ ನಿಲ್ಲಬೇಕು. ಕೆಳಗಿಳಿದರೆ ದಾರಿ ಕಾಣುವುದಿಲ್ಲ, ಮೇಲೆದ್ದರೆ ಮಳೆಗೆ ಹಾಕಿದ ಗೊರಬಿನಂತೆ ಕಾಣುತ್ತದೆ. ಹುಡ್ ಹಿಂದಕ್ಕೆ ಜಾರುವ ಕಾಟ ಎಲ್ಲರಿಗೂ ಇದೆ. ಒಳಗೆ ನೆತ್ತಿಯ ಹತ್ತಿರ ಎರಡು ಸಣ್ಣ ಕುಣಿಕೆ ಹೊಲಿದು ಕೂದಲಿಗೆ ಪಿನ್ ಹಾಕಿಕೊಳ್ಳಿ.

ಪಟ್ಟಿ, ಬೆಲ್ಟ್, ಉಳಿದದ್ದು

ಕೆಂಪು ಪಟ್ಟಿಗೆ 3 ಮೀಟರ್ ಉದ್ದ, 15 ಇಂಚು ಅಗಲದ ಹತ್ತಿ ಬಟ್ಟೆ. ಮಡಚಿ ಸುತ್ತಿ, ಒಂದು ತುದಿ ಮುಂದೆ ಇಳಿಬಿಡಿ. ಅದನ್ನು ಬೇರೆಯಾಗಿ, ನೀರಿಗೆ ಬಣ್ಣ ಬಿಡುವುದು ನಿಲ್ಲುವ ತನಕ ತೊಳೆಯಿರಿ. ನಾನು ತೊಳೆಯಲಿಲ್ಲ. ಸೆಖೆಗೆ ಬೆವರಿ ಸಂಜೆ ಬಿಚ್ಚಿದಾಗ ನಿಲುವಂಗಿಯ ಸೊಂಟದ ಸುತ್ತ ಗುಲಾಬಿ ಉಂಗುರ.

ಬೆಲ್ಟಿಗೆ ರೆಕ್ಸಿನ್ ಸುಲಭ, ಅಗ್ಗ. ಆದರೆ ಅದಕ್ಕೆ ವಯಸ್ಸಾಗುವುದಿಲ್ಲ, ಸಿಪ್ಪೆ ಏಳುತ್ತದೆ ಅಷ್ಟೇ. ಹಳೇ ಚರ್ಮದ ಬ್ಯಾಗ್ ಅಥವಾ ಜಾಕೆಟ್ ಸಿಕ್ಕರೆ ಅದನ್ನೇ ಕತ್ತರಿಸಿ. ಅಂಚುಗಳನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ, ಕಪ್ಪು ಶೂ ಪಾಲಿಶ್ ಹಚ್ಚಿ, ತಕ್ಷಣ ಬಟ್ಟೆಯಿಂದ ಒರೆಸಿ. ಗೆರೆಗಳಲ್ಲಿ ಮಾತ್ರ ಕಪ್ಪು ನಿಲ್ಲುತ್ತದೆ. ಮುಂಗೈ ಕವಚಕ್ಕೂ ಹೀಗೇ. ಕತ್ತಿ, ಚಾಕು, ತೋಳಿನಡಿಯ ಅಲಗು ಎಲ್ಲವೂ ಫೋಮ್‌ನದ್ದೇ ಇರಲಿ. ಲೋಹದ್ದು ಒಯ್ದರೆ ಗೇಟಿನಲ್ಲೇ ಕೈ ಖಾಲಿಯಾಗುತ್ತದೆ. ಆಟದಲ್ಲಿ ಆಲ್ಟೈರ್‌ಗೆ ಎಡಗೈಯ ಉಂಗುರದ ಬೆರಳಿಲ್ಲ. ಫೋಟೋ ಹೊತ್ತಿಗೆ ನೀವು ಅದನ್ನು ಮಡಚಿಕೊಂಡರೆ ಸಾಕು.

ಕೊಳೆಗೆ ಮೊದಲು ಕಾರಣ ಹುಡುಕಿ

ಬಣ್ಣದ ಬಕೆಟ್ ತೆಗೆಯುವ ಮೊದಲು ಒಂದು ಹಾಳೆ, ಪೆನ್ಸಿಲ್ ತೆಗೆದುಕೊಳ್ಳಿ. ನಿಲುವಂಗಿಯ ಚಿತ್ರ ಬರೆದು, ಅವನು ದಿನವಿಡೀ ಮಾಡುವ ಕೆಲಸ ನೆನೆಸಿಕೊಂಡು ಗುರುತು ಹಾಕಿ. ಎಲ್ಲ ಕಡೆ ಒಂದೇ ಸಮ ಕೊಳೆ ಮಾಡಿದರೆ ಬಟ್ಟೆ ಚರಂಡಿಗೆ ಬಿದ್ದ ಹಾಗೆ ಕಾಣುತ್ತದೆ, ಬಳಸಿದ ಹಾಗೆ ಕಾಣುವುದಿಲ್ಲ.

ಅವನು ಗೋಡೆ ಹತ್ತುತ್ತಾನೆ. ಹಾಗಾಗಿ ಎದೆ, ಮೊಣಕೈ, ಮೊಣಕಾಲು ಮತ್ತು ತೋಳಿನ ಒಳಭಾಗ ಸವೆದಿರಬೇಕು. ಬೆನ್ನು ಅಷ್ಟಾಗಿ ಸವೆಯಬಾರದು. ಒಂದೂರಿಂದ ಇನ್ನೊಂದೂರಿಗೆ ಕುದುರೆಯ ಮೇಲೆ ಹೋಗುತ್ತಾನೆ, ಬಾಲಗಳ ಒಳಮೈ ಜೀನಿಗೆ ಉಜ್ಜಿ ಕಂದಾಗುತ್ತದೆ. ಎತ್ತರದಿಂದ ಹುಲ್ಲಿನ ಗಾಡಿಗೆ ಹಾರುತ್ತಾನೆ, ಹುಡ್‌ನ ಹೊಲಿಗೆಯಲ್ಲಿ ಎರಡು ಒಣ ಹುಲ್ಲಿನ ಕಡ್ಡಿ ಸಿಕ್ಕಿಸಿ. ಆಟ ಆಡಿದವರು ನೋಡಿದ ಕೂಡಲೇ ನಗುತ್ತಾರೆ. ಹುಡ್‌ನ ಅಂಚನ್ನು ಕೈಯಿಂದ ಎಳೆದುಕೊಳ್ಳುವ ಜಾಗದಲ್ಲಿ ಬೆರಳಿನ ಜಿಡ್ಡು. ಬೆಲ್ಟಿನ ಅಡಿಯಲ್ಲಿ ಬಟ್ಟೆ ಬಹುತೇಕ ಸ್ವಚ್ಛ. ಇದನ್ನು ತುಂಬಾ ಜನ ಮರೆಯುತ್ತಾರೆ.

ಇನ್ನೊಂದು ಮಾತು. ಮೊದಲ ಆಟದಲ್ಲಿ ಆಲ್ಟೈರ್‌ಗೆ ಈಜು ಬರುವುದಿಲ್ಲ, ಆಳ ನೀರಿಗೆ ಬಿದ್ದರೆ ಆಟ ಮುಗಿಯಿತು. ಅಂದಮೇಲೆ ಸೊಂಟದವರೆಗೆ ಕೆಸರು ನೀರಿನ ಗೆರೆ ಬಳಿಯಬೇಡಿ. ಮತ್ತೆ, ಅವನು ಬಿಳಿ ಬಟ್ಟೆಯ ಪಂಡಿತರ ಗುಂಪಿನಲ್ಲಿ ಸೇರಿಕೊಂಡು ಕಾವಲುಗಾರರ ಕಣ್ಣು ತಪ್ಪಿಸುತ್ತಾನೆ. ಹತ್ತು ಹೆಜ್ಜೆ ದೂರದಿಂದ ಇನ್ನೂ ಬಿಳಿ ಅನ್ನಿಸಬೇಕು. ಭಿಕ್ಷುಕನ ಮಟ್ಟಕ್ಕೆ ಇಳಿಸಿದರೆ ಕಥೆಗೇ ಹೊಂದುವುದಿಲ್ಲ.

ಮೊದಲು ಸವೆತ, ಆಮೇಲೆ ಬಣ್ಣ

ಈ ಸರದಿ ತಪ್ಪಿಸಬೇಡಿ. ನೂಲು ಎದ್ದ ಜಾಗ ಬಣ್ಣವನ್ನು ಜಾಸ್ತಿ ಕುಡಿಯುತ್ತದೆ, ಸವೆತ ತಾನಾಗೇ ಎದ್ದು ಕಾಣುತ್ತದೆ. ಬಣ್ಣ ಹಾಕಿದ ಮೇಲೆ ಉಜ್ಜಿದರೆ ಅಡಿಯಿಂದ ಬಿಳಿ ಇಣುಕುತ್ತದೆ.

ಮಣೆಯನ್ನು ಬಟ್ಟೆಯೊಳಗೆ ತೂರಿಸಿ, ಮೊಣಕೈ, ಮೊಣಕಾಲಿನ ಜಾಗವನ್ನು 80 ನಂಬರಿನ ಸ್ಯಾಂಡ್‌ಪೇಪರಿನಿಂದ, ಊರ ಕಡೆ ಉಪ್ಪು ಕಾಗದ ಅಂತಾರಲ್ಲ ಅದರಿಂದ, ಒಂದೇ ದಿಕ್ಕಿಗೆ ಉಜ್ಜಿ. ಆಮೇಲೆ 220 ನಂಬರಿನದ್ದು. ಅಂಚುಗಳಿಗೆ ಅಡುಗೆಮನೆಯ ಹಳೇ ತುರಿಯುವ ಮಣೆ ಒಳ್ಳೆಯದು. ಬಾಲದ ತುದಿಯ ಮಡಿಕೆಯನ್ನು ಅಲ್ಲಲ್ಲಿ ಬಿಚ್ಚಿ ಎಳೆ ಎಳೆಯಿರಿ. ಕತ್ತರಿಯಿಂದ ತೂತು ಮಾಡಬೇಡಿ, ಕತ್ತರಿಯ ಗುರುತು ದೂರದಿಂದಲೇ ಗೊತ್ತಾಗುತ್ತದೆ. ಹರಿಯಲೇಬೇಕೆಂದರೆ ಉಜ್ಜಿ ತೆಳ್ಳಗೆ ಮಾಡಿ ಬೆರಳಿನಿಂದ ಹರಿಯಿರಿ, ಮೇಲೆ ಕೈಹೊಲಿಗೆಯ ತೇಪೆ ಹಾಕಿ. ಕೋಟೆಯ ಸೇವೆಯಲ್ಲಿ ಇರುವವನಿಗೆ ಬಟ್ಟೆ ರಿಪೇರಿ ಮಾಡಿಕೊಳ್ಳುವಷ್ಟು ಪುರುಸೊತ್ತು ಇದ್ದೇ ಇರುತ್ತದೆ.

ಇದೆಲ್ಲ ಆದ ಮೇಲೆ ಒಮ್ಮೆ ವಾಷಿಂಗ್ ಮಶೀನಿಗೆ ಹಾಕಿ ತೆಗೆಯಿರಿ. ಇಸ್ತ್ರಿ ಬೇಡ.

ಟೀ, ಚೊಗರು, ಕಬ್ಬಿಣ

ಮೊದಲು ಇಡೀ ಬಟ್ಟೆಯ ಹೊಳಪು ಇಳಿಸಬೇಕು. 10 ಲೀಟರ್ ನೀರಿಗೆ 100 ಗ್ರಾಂ ಟೀ ಪುಡಿ ಹಾಕಿ ಕಾಲು ಗಂಟೆ ಕುದಿಸಿ ಸೋಸಿ. ಸೋಸದಿದ್ದರೆ ಪುಡಿ ಕೂತಲ್ಲೆಲ್ಲ ಸಿಡುಬಿನ ಚುಕ್ಕೆ. ಬಟ್ಟೆಯನ್ನು ಮೊದಲು ಬರೀ ನೀರಿನಲ್ಲಿ ನೆನೆಸಿ ಹಿಂಡಿ, ಆಮೇಲೆ ಟೀಗೆ ಹಾಕಿ 20 ನಿಮಿಷ ತಿರುವುತ್ತಿರಿ. ಒದ್ದೆಯಲ್ಲಿ ಕಾಣುವ ಬಣ್ಣ ಒಣಗಿದ ಮೇಲೆ ತುಂಬಾ ತಿಳಿಯಾಗುತ್ತದೆ. ಉಳಿದ ಚೂರುಗಳಲ್ಲಿ ಮೊದಲು ಪರೀಕ್ಷೆ ಮಾಡಿ.

ಕಪ್ಪಾಗಬೇಕಾದ ಜಾಗಗಳಿಗೆ ನನ್ನ ಕೈಯಲ್ಲಿರುವ ಗುಟ್ಟು ಚೊಗರು. ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಹಸಿ ಅಡಿಕೆ ಸುಲಿದು ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಗಂದು ರಸ ಅದು. ಸಾಗರದ ಹತ್ತಿರ ಭೀಮನಕೋಣೆಯ 'ಚರಕ' ಸಂಸ್ಥೆಯವರು ಕೈಮಗ್ಗದ ಬಟ್ಟೆಗೆ ಇದರಿಂದಲೇ ಬಣ್ಣ ಕಟ್ಟುತ್ತಾರೆ. ಚಿಕ್ಕಂದಿನಲ್ಲಿ ಯೂನಿಫಾರಂ ಮೇಲೆ ಚೊಗರು ಬಿದ್ದು ಬೈಸಿಕೊಂಡವರೆಲ್ಲ ಈಗ ಲಾಭ ಪಡೆಯಬಹುದು. ಅಡಿಕೆ ಕೊಯ್ಲಿನ ಹೊತ್ತಿಗೆ ಊರಿಂದ ಒಂದು ಬಾಟಲಿ ತರಿಸಿಕೊಳ್ಳಿ. ಸಿಗದಿದ್ದರೆ ಅಳಲೆಕಾಯಿ ಪುಡಿ ಅಥವಾ ಗಟ್ಟಿ ಟೀ ಸಾಕು. ಚೊಗರು, ಅಳಲೆಕಾಯಿ, ಟೀ ಮೂರರಲ್ಲೂ ಕೆಲಸ ಮಾಡುವುದು ಒಂದೇ ಒಗರು, ಟ್ಯಾನಿನ್.

ಒಂದು ಲೋಟ ಚೊಗರಿಗೆ ಅರ್ಧ ಬಕೆಟ್ ನೀರು. ಒದ್ದೆ ನಿಲುವಂಗಿಯನ್ನು ಬಕೆಟ್ ಮೇಲೆ ನೇತುಹಾಕಿ, ಕೆಳಗಿನ ಒಂದು ಗೇಣು ಮುಳುಗುವ ಹಾಗೆ ಇಳಿಸಿ. ಹತ್ತು ನಿಮಿಷಕ್ಕೊಮ್ಮೆ ಎರಡು ಇಂಚು ಮೇಲೆತ್ತಿ. ಬಣ್ಣ ತಾನಾಗೇ ಮೇಲಕ್ಕೆ ಹತ್ತುತ್ತ ತೆಳುವಾಗುತ್ತದೆ. ಒಣ ಬಟ್ಟೆಯನ್ನು ಅದ್ದಿದರೆ ಸ್ಕೇಲಿಟ್ಟು ಗೆರೆ ಎಳೆದ ಹಾಗೆ ನಿಲ್ಲುತ್ತದೆ. ಕಂಕುಳು, ಕತ್ತಿನ ಸುತ್ತ ಸ್ಪಂಜಿನಿಂದ ತಟ್ಟಿ. ಪ್ರತಿ ಸುತ್ತಿಗೂ ಪೂರ್ತಿ ಒಣಗಲು ಬಿಡಿ. ಎರಡು ವಾರ ಬೇಕು ಅಂದದ್ದು ಇದಕ್ಕೇ.

ಬೂದು ಬಣ್ಣ ಬೇಕಾದಲ್ಲಿ ಕಬ್ಬಿಣ. ಗ್ರಂಧಿಗೆ ಅಂಗಡಿಯಲ್ಲಿ ಅನ್ನಭೇದಿ (ಫೆರಸ್ ಸಲ್ಫೇಟ್) ಕೇಳಿ. ಲೀಟರ್ ನೀರಿಗೆ ಅರ್ಧ ಚಮಚ ಕರಗಿಸಿ, ಟೀ ಹತ್ತಿದ ಬಟ್ಟೆಗೆ ಸ್ಪ್ರೇ ಮಾಡಿ. ಕಣ್ಣೆದುರೇ ಕಂದು ಹೋಗಿ ಬೂದು ಆಗುತ್ತದೆ. ಹಿಂದೆ ಶಾಯಿ ಮಾಡುತ್ತಿದ್ದದ್ದೂ ಇದೇ ಒಗರು ಮತ್ತು ಕಬ್ಬಿಣದ ಜೋಡಿಯಿಂದ. ಅನ್ನಭೇದಿ ಸಿಗದಿದ್ದರೆ ತುಕ್ಕು ಮೊಳೆಗಳನ್ನು ವಿನೆಗರ್‌ನಲ್ಲಿ ವಾರ ನೆನೆಸಿ, ಮುಚ್ಚಳ ಸಡಿಲವಿರಲಿ, ಒಳಗೆ ಗ್ಯಾಸ್ ಹುಟ್ಟುತ್ತದೆ. ಕೈಗೆ ಗ್ಲೌಸ್ ಹಾಕಿ, ಮಕ್ಕಳಿಂದ ದೂರ ಇಡಿ. ಕೈ ಹಿಡಿತದಲ್ಲಿರಲಿ. ಕಬ್ಬಿಣ ಜಾಸ್ತಿಯಾದರೆ ಹತ್ತಿ ಬಟ್ಟೆ ವರ್ಷ ಕಳೆದಂತೆ ಪುಡಿಯಾಗುತ್ತದೆ.

ಕೆಂಪು ಪಟ್ಟಿಯನ್ನು ಮಾಸಲು ಮಾಡಲು ಹತ್ತು ದಿನ ಬಿಸಿಲಿಗೆ ಹಾಕುವುದೇ ಚೆಂದ, ಮಡಿಕೆಯ ಹೊರಮೈ ಮೇಲಿರಲಿ. ಅವಸರವಿದ್ದರೆ ಬ್ಲೀಚ್ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ ಸ್ಪ್ರೇ ಮಾಡಿ, ಬಣ್ಣ ಇಳಿದ ಕೂಡಲೇ ಜಾಲಿಸಿ. ಆದರೆ ಎಚ್ಚರ: ಬ್ಲೀಚ್ ತೆಗೆದ ದಿನ ವಿನೆಗರ್ ಬಾಟಲಿ ಆ ಕೋಣೆಯಲ್ಲೇ ಇರಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಅದು ವಿಷ.

ಧೂಳು

ಇಲ್ಲಿ ನಮ್ಮ ಊರಿನ ಅಭಿಮಾನ ಸ್ವಲ್ಪ ಬದಿಗಿಡಿ. ಕೆಮ್ಮಣ್ಣು ಕೈಗೆ ಸಿಗುತ್ತದೆ ಅಂತ ಬಳಿದರೆ ಆಲ್ಟೈರ್ ತೀರ್ಥಹಳ್ಳಿ ಬಸ್ಸಿಳಿದು ಬಂದ ಹಾಗೆ ಕಾಣುತ್ತಾನೆ. ಜೆರುಸಲೇಂ ಕಟ್ಟಿದ್ದು ಸುಣ್ಣಕಲ್ಲಿನಲ್ಲಿ, ಅಲ್ಲಿನ ಧೂಳು ತಿಳಿ ಹಳದಿ ಬಿಳುಪು. ಅದಕ್ಕೆ ಸರಿಯಾದದ್ದು ಮುಲ್ತಾನಿ ಮಿಟ್ಟಿ. ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಭುಜ, ಹುಡ್, ಬೆಲ್ಟಿನ ಮೇಲಂಚಿಗೆ ತಟ್ಟಿ. ಮೂಗಿಗೆ ಮಾಸ್ಕ್ ಇರಲಿ. ತಟ್ಟುವುದು ಮನೆಯಲ್ಲೇ ಮುಗಿಸಿ, ಚೆನ್ನಾಗಿ ಕೊಡವಿ ಹೊರಡಿ. ಮೆಟ್ರೋದಲ್ಲಿ ಪಕ್ಕ ಕೂತವರ ಕಪ್ಪು ಪ್ಯಾಂಟ್ ಏನು ತಪ್ಪು ಮಾಡಿದೆ?

ಚಿಮ್ಮಿದ ಕೆಸರಿಗೆ ಕಂದು ಅಕ್ರಿಲಿಕ್ ಬಣ್ಣವನ್ನು ಆರು ಪಾಲು ನೀರಿನಲ್ಲಿ ಕಲಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಕೆಳಗಿನಿಂದ ಮೇಲಕ್ಕೆ ಸಿಡಿಸಿ. ಕಪ್ಪು ಮುಟ್ಟಬೇಡಿ, ಗ್ಯಾರೇಜಿನ ಗ್ರೀಸ್ ಆಗುತ್ತದೆ. ರಕ್ತದ ಕಲೆ ಬೇಕೆಂಬ ಆಸೆ ಎಲ್ಲರಿಗೂ ಬರುತ್ತದೆ. ಹಾಕುವುದಾದರೆ ಒಂದೇ ಕಡೆ, ಬಲಗೈ ತೋಳಿನ ತುದಿಗೆ. ಒಣಗಿದ ರಕ್ತ ಕಂದು, ಕುಂಕುಮದ ಬಣ್ಣವಲ್ಲ.

ನಡುನಡುವೆ ಹತ್ತು ಅಡಿ ದೂರದಿಂದ ಫೋನಿನಲ್ಲಿ ಫೋಟೋ ತೆಗೆದು ನೋಡುತ್ತಿರಿ. ಹತ್ತಿರದಿಂದ ಅತಿಯಾಯಿತು ಅನ್ನಿಸಿದ್ದು ಫೋಟೋದಲ್ಲಿ ಕಾಣುವುದೇ ಇಲ್ಲ.

ಮುಗಿದ ಮೇಲೆ ಹ್ಯಾಂಗರ್‌ಗೆ ಹಾಕಿ, ಮೇಲೊಂದು ಹಳೇ ಪಂಚೆ ಹೊದಿಸಿ ಬೀರುವಿನ ಮೂಲೆಯಲ್ಲಿಡಿ, ಮನೆಯವರಿಗೆ ಒಂದು ಮಾತು ಹೇಳಿಡಿ. ನಾನು ಹೇಳಿರಲಿಲ್ಲ. ಊರಿಂದ ಬಂದ ಅಮ್ಮ, "ಎಂಥ ಗಲೀಜು ಮಾಡಿಟ್ಕೊಂಡಿದ್ದೀಯೋ" ಅನ್ನುತ್ತ ಸೋಪಿನ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಕಲ್ಲಿನ ಮೇಲೆ ಕುಕ್ಕಿ ಒಗೆದು ಮಡಚಿಟ್ಟಿದ್ದರು. ಧೂಳು ಪೂರ್ತಿ ಹೋಗಿತ್ತು, ಟೀ ಅರ್ಧ ಹೋಗಿತ್ತು. ಚೊಗರು ಮಾತ್ರ ಹಾಗೇ ಇತ್ತು. ಮೊಣಕೈ ಸವೆತ ಅಂತೂ ಕುಕ್ಕಿದ ಮೇಲೆ ನಾನು ಮಾಡಿದ್ದಕ್ಕಿಂತ ಚೆನ್ನಾಗಿ ಬಂದಿತ್ತು.